ಕಾವಲಿನ ಕಣ್ಣು ಯಾರ ಸ್ವತ್ತು?

ಅಂಗಡಿ ಬಾಗಿಲಿಗೆ ಕ್ಯಾಮರಾ ಹಾಕಿಸಿರುವ ವರ್ತಕ ಮಿತ್ರರನ್ನು ನಾವು ಒಂದು ಮಾತು ಕೇಳಬಯಸುತ್ತೇವೆ. ಕೊಟ್ಟ ಹಣ ನಿಮ್ಮದು, ಉರಿಯುವ ವಿದ್ಯುತ್ತು ನಿಮ್ಮದು. ಕ್ಯಾಮರಾ ಹಿಡಿದ ಚಿತ್ರ ಯಾರದು? ಎಷ್ಟೋ ಕ್ಯಾಮರಾಗಳ ಚಿತ್ರ ನಿಮ್ಮ ಗಲ್ಲಾಪೆಟ್ಟಿಗೆಯ ಬಳಿ ಉಳಿಯುವುದಿಲ್ಲ. ಇಂಟರ್‌ನೆಟ್ಟಿನ ಮೂಲಕ ಕಂಪನಿಯ ಕಂಪ್ಯೂಟರು ಸೇರುತ್ತದೆ. ಸ್ವಂತ ಅಂಗಡಿಯ ನಿನ್ನೆಯ ಚಿತ್ರ ನೋಡಲು ತಿಂಗಳು ತಿಂಗಳೂ ಕಪ್ಪ ಒಪ್ಪಿಸಬೇಕು!

ಅಲ್ಲಾದರೂ ಅದು ಭದ್ರವೇ? ಅಮೆಜಾನ್ ಒಡೆತನದ ರಿಂಗ್ ಕಂಪನಿಯ ಮೇಲೆ 2023ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ದಾವೆ ಹೂಡಿತು. ಹೆಂಗಸರ ಮಲಗುವ ಕೋಣೆ, ಬಚ್ಚಲುಮನೆಗಳ ಸಾವಿರಾರು ದೃಶ್ಯಗಳನ್ನು ಕಂಪನಿಯ ನೌಕರನೊಬ್ಬ ತಿಂಗಳುಗಟ್ಟಲೆ ನೋಡುತ್ತಿದ್ದನೆಂಬುದು ಆಪಾದನೆ. ಕಂಪನಿ 58 ಲಕ್ಷ ಡಾಲರು ಕಟ್ಟಲು ಒಪ್ಪಿ ಕೈತೊಳೆದುಕೊಂಡಿತು. ಬೇಲಿಯೇ ಎದ್ದು ಹೊಲ ಮೇಯುವುದೆಂದರೆ ಇದೇ.

ಬೇರೆ ದಾರಿ ಇಲ್ಲವೆಂದು ಮಾರಾಟಗಾರ ಹೇಳುತ್ತಾನೆ. ಸುಳ್ಳು. 'ಮೋಷನ್', 'ಜೋನ್‌ಮೈಂಡರ್' ಎಂಬ ಸ್ವತಂತ್ರ ತಂತ್ರಾಂಶಗಳು ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ಇವೆ. ಹಳೆಯ ಕಂಪ್ಯೂಟರಿನಲ್ಲೂ ನಡೆಯುತ್ತವೆ. ಅವುಗಳ ಕೆಲಸದಲ್ಲಿ ಮಾಯಮಂತ್ರವೇನೂ ಇಲ್ಲ. ಈಗಿನ ಚಿತ್ರವನ್ನು ಹಿಂದಿನದರೊಡನೆ ಹೋಲಿಸಿ, ಬದಲಾದ ಚುಕ್ಕೆಗಳನ್ನು ಎಣಿಸುವುದು. ಎಣಿಕೆ ನಾವು ಗೊತ್ತುಮಾಡಿದ ಮಿತಿ ದಾಟಿದರೆ ಆ ದೃಶ್ಯವನ್ನು ನಮ್ಮದೇ ಡಿಸ್ಕಿನಲ್ಲಿ ದಾಖಲಿಸುವುದು. ಗಾಳಿಗೆ ಪರದೆ ಅಲ್ಲಾಡಿದರೂ ಕಳ್ಳ ಬಂದನೆಂದು ಅದು ಭ್ರಮಿಸೀತು. ಆ ಜಾಗವನ್ನು ಎಣಿಕೆಯಿಂದ ಬಿಡಿಸಬಹುದು, ಮಿತಿಯನ್ನು ಏರಿಸಬಹುದು. ಯಾರ ಅಪ್ಪಣೆಯೂ ಬೇಡ.

ಪುಕ್ಕಟೆ ಮಾಲು ಕಳಪೆಯೆಂದು ಮೂಗು ಮುರಿಯುವವರಿದ್ದಾರೆ. ಇದು ಬೆಲೆಯ ಮಾತಲ್ಲ, ಹಕ್ಕಿನ ಮಾತು. ಇವುಗಳ ಜಿಪಿಎಲ್ ಪರವಾನಗಿ ಬಳಸುವ, ಒಳಗನ್ನು ಓದುವ, ತಿದ್ದುವ, ಹಂಚುವ ಹಕ್ಕನ್ನು ಎಲ್ಲರಿಗೂ ಕೊಡುತ್ತದೆ. ಅಳವಡಿಸಲು ತಿಳಿದವರು ಬೇಕು, ಅದನ್ನು ನಾವು ಮುಚ್ಚಿಡುವುದಿಲ್ಲ. ಒಂದು ಬೀದಿಯ ಹತ್ತು ಅಂಗಡಿಯವರು ಚಂದಾ ಕೂಡಿಸಿ ಊರಿನ ಒಬ್ಬ ಯುವಕನಿಗೆ ಸಂಬಳ ಕೊಡಲಾರರೇ? ಕಂಪನಿಗೆ ಸುರಿಯುವ ಹಣ ಊರಲ್ಲೇ ಉಳಿಯುವುದು.

ಇದು ಅಂಗಡಿಯವರ ವಿಚಾರವೆಂದು ಗಿರಣಿಯ ಸಂಗಾತಿಗಳು ಪುಟ ತಿರುವಬಾರದು. ಇದೇ ತಂತ್ರಾಂಶ ಮಾಲೀಕನ ಕೈಗೆ ಬಂದರೆ, ನೀರು ಕುಡಿಯಲು ಮಗ್ಗದಿಂದ ಎದ್ದವನನ್ನೂ ಎಣಿಸೀತು. ತಂತ್ರಾಂಶ ಸ್ವತಂತ್ರವಾದ ಮಾತ್ರಕ್ಕೆ ಕೂಲಿಕಾರ ಸ್ವತಂತ್ರನಾಗುವುದಿಲ್ಲ. ಕ್ಯಾಮರಾ ಎಲ್ಲೆಲ್ಲಿದೆ, ಚಿತ್ರ ಎಷ್ಟು ದಿನ ಇರುತ್ತದೆ, ಯಾರು ನೋಡುತ್ತಾರೆ ಎಂಬ ಮೂರು ಪ್ರಶ್ನೆಗಳನ್ನು ಯೂನಿಯನ್ನು ಮುಂದಿನ ಬೇಡಿಕೆಪಟ್ಟಿಯಲ್ಲೇ ಸೇರಿಸಲಿ. ಉತ್ತರವನ್ನು ಬರಹದಲ್ಲಿ ಪಡೆಯಲಿ.