ಸ್ನಾಯುವಿಗೆ ಬೇಕಾದುದು ಭಾರ: ವಿದ್ಯುತ್ ಪಟ್ಟಿಗಳ ವ್ಯಾಪಾರ ಕುರಿತು

ವ್ಯಾಯಾಮ ಸಲಕರಣೆಗಳ ವ್ಯಾಪಾರವು ದಾವಣಗೆರೆಯಂತಹ ನಗರಗಳಿಗೂ ಬಂದು ನೆಲೆಸಿದೆ. ಅದರ ಬೆನ್ನಿಗೇ ಹೊಟ್ಟೆಗೆ ಕಟ್ಟಿಕೊಳ್ಳುವ ವಿದ್ಯುತ್ ಪಟ್ಟಿಗಳು, ತೋಳು ತೊಡೆಗಳಿಗೆ ಅಂಟಿಸುವ ಪ್ಯಾಡುಗಳೂ ಮಾರಾಟಕ್ಕೆ ಬಂದಿವೆ. ಕುಳಿತಲ್ಲೇ ಮೈ ಕಟ್ಟುಮಸ್ತಾಗುವುದೆಂಬುದು ಇವುಗಳ ಜಾಹೀರಾತಿನ ಸಾರಾಂಶ. ಈ ಸರಕನ್ನು ಅಂಗಡಿಯಲ್ಲಿಡಬೇಕೇ, ಇಟ್ಟರೆ ಗ್ರಾಹಕನಿಗೆ ಏನೆಂದು ಹೇಳಿ ಮಾರಬೇಕು ಎಂಬುದನ್ನು ವರ್ತಕರು ಮೊದಲೇ ನಿರ್ಧರಿಸಿಕೊಳ್ಳುವುದು ಲೇಸು.

ವಿದ್ಯುತ್ತಿನಿಂದ ಸ್ನಾಯು ಸಂಕುಚಿಸುವುದು ಸುಳ್ಳಲ್ಲ. ಇಟಲಿಯ ಗಾಲ್ವಾನಿ ಸತ್ತ ಕಪ್ಪೆಯ ಕಾಲು ಅದುರುವುದನ್ನು ಕಂಡು 1791ರಲ್ಲಿ ಪ್ರಕಟಿಸಿದಂದಿನಿಂದ ಅದು ತಿಳಿದ ಸಂಗತಿ. ಇದನ್ನು ಕ್ರೀಡಾಲೋಕಕ್ಕೆ ಪರಿಚಯಿಸಿದವರಲ್ಲಿ ಪ್ರಮುಖನು ಸೋವಿಯತ್ ವಿಜ್ಞಾನಿ ಯಾಕೋವ್ ಕೋಟ್ಸ್. ಹತ್ತು ಸೆಕೆಂಡು ವಿದ್ಯುತ್, ಐವತ್ತು ಸೆಕೆಂಡು ವಿಶ್ರಾಂತಿ, ಹೀಗೆ ಹತ್ತು ಬಾರಿ ಎಂಬ ಕ್ರಮದಿಂದ ಕ್ರೀಡಾಪಟುಗಳ ಬಲ ಶೇಕಡ 40ರವರೆಗೆ ಹೆಚ್ಚಿತೆಂದು ಆತ 1977ರಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿ ಹೇಳಿದನು. ಅನಂತರ ಪರೀಕ್ಷಿಸಿ ನೋಡಿದ ಇತರ ಸಂಶೋಧಕರಿಗೆ ಅಷ್ಟು ದೊಡ್ಡ ಫಲ ದೊರೆಯಲಿಲ್ಲ. ಆದರೂ ಜಾಹೀರಾತುಗಳ ಕಲ್ಪನೆಯು ಆ ಶೇಕಡ 40ನ್ನು ಮೀರಿ ಎಷ್ಟೋ ಮುಂದೆ ಹೋಗಿದೆ.

ಫಲ ಕಡಿಮೆಯಾಗಲು ಕಾರಣಗಳಿವೆ. ಮನುಷ್ಯ ತಾನಾಗಿ ಭಾರ ಎತ್ತುವಾಗ ನರಮಂಡಲವು ಮೊದಲು ಚಿಕ್ಕ ತಂತುಗಳನ್ನೂ, ಭಾರ ಹೆಚ್ಚಿದಂತೆ ದೊಡ್ಡ ತಂತುಗಳನ್ನೂ ಕೆಲಸಕ್ಕೆ ಕರೆಯುತ್ತದೆ. ಹೊರಗಿನಿಂದ ಕೊಟ್ಟ ವಿದ್ಯುತ್ತಿಗೆ ಈ ವಿವೇಕವಿಲ್ಲ. ಅದು ಚರ್ಮದ ಹತ್ತಿರವಿರುವ ತಂತುಗಳನ್ನೇ ಮತ್ತೆ ಮತ್ತೆ ಕೆಣಕುತ್ತದೆ. ಅವು ಬೇಗನೆ ದಣಿಯುತ್ತವೆ, ಆಳದಲ್ಲಿರುವವು ಸುಮ್ಮನಿರುತ್ತವೆ. ವಿದ್ಯುತ್ತನ್ನು ಹೆಚ್ಚಿಸೋಣವೆಂದರೆ ನೋವು ಅಡ್ಡ ಬರುತ್ತದೆ. ಚರ್ಮದಡಿಯ ಕೊಬ್ಬು ದಪ್ಪವಿದ್ದಷ್ಟೂ ಸ್ನಾಯುವಿಗೆ ತಲುಪುವ ವಿದ್ಯುತ್ ಕಡಿಮೆ. ಹಾಗಾಗಿ ಹೊಟ್ಟೆ ಕರಗಿಸುವ ಆಸೆಯಿಂದ ಪಟ್ಟಿ ಕೊಳ್ಳುವವನಿಗೇ ಅದರ ಪ್ರಯೋಜನ ಎಲ್ಲರಿಗಿಂತ ಕಡಿಮೆ ಎಂಬುದು ಈ ವ್ಯಾಪಾರದ ವಿಚಿತ್ರ.

ಹಾಗೆಂದು ವಿದ್ಯುತ್ ಪ್ರಚೋದನೆ ನಿಷ್ಪ್ರಯೋಜಕವೆನ್ನಲಾಗದು. ಮೊಣಕಾಲಿನ ಶಸ್ತ್ರಚಿಕಿತ್ಸೆಯ ನಂತರ ತೊಡೆಯ ಸ್ನಾಯು ಸೊರಗದಂತೆ ತಡೆಯಲು, ಹಾಸಿಗೆ ಹಿಡಿದವರ ಸ್ನಾಯು ಉಳಿಸಲು ಫಿಸಿಯೋಥೆರಪಿ ತಜ್ಞರು ಅದನ್ನು ಬಳಸುತ್ತಾರೆ. ಅಲ್ಲಿ ಅದಕ್ಕೆ ನ್ಯಾಯವಾದ ಸ್ಥಾನವಿದೆ. ಮೈತುಂಬ ವಿದ್ಯುತ್ ಹರಿಸುವ ಉಡುಪಿನಿಂದ, ವ್ಯಾಯಾಮಕ್ಕೆ ಹೊಸಬರಾದ ಮಧ್ಯವಯಸ್ಕರಲ್ಲಿ ಗಣನೀಯ ಫಲ ಕಂಡಿರುವುದಾಗಿ ಜರ್ಮನಿಯ ಎರ್ಲಾಂಗನ್‌ನ ಸಂಶೋಧಕರೂ ವರದಿ ಮಾಡಿದ್ದಾರೆ. ಆದರೆ ಅದು ತರಬೇತುದಾರರ ಕಣ್ಣೆದುರಿನಲ್ಲಿ, ಮಿತಿಯಲ್ಲಿ ನಡೆದ ಪ್ರಯೋಗ. ಹೆಸರಿಲ್ಲದ ಪಟ್ಟಿಯೊಂದಕ್ಕೆ ಆ ಫಲವನ್ನು ಆರೋಪಿಸುವುದು ಸಲ್ಲದು. ಮಿತಿ ಮೀರಿದರೆ ಅಪಾಯವೂ ಉಂಟು. ಮೊದಲ ದಿನವೇ ಅತಿಯಾಗಿ ಬಳಸಿದವರಲ್ಲಿ ಸ್ನಾಯುವಿನ ಅಂಶ ಒಡೆದು ರಕ್ತಕ್ಕೆ ಸೇರಿ ಮೂತ್ರಪಿಂಡಕ್ಕೆ ಕುತ್ತು ಬರಬಲ್ಲದೆಂದು ಇಸ್ರೇಲಿನ ವೈದ್ಯರು 2016ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಎಚ್ಚರಿಸಿದ್ದರು. ಹೃದಯಕ್ಕೆ ಪೇಸ್‌ಮೇಕರ್ ಅಳವಡಿಸಿಕೊಂಡವರು, ಗರ್ಭಿಣಿಯರು, ಮೂರ್ಛೆರೋಗವುಳ್ಳವರು ಇದರಿಂದ ದೂರವಿರಬೇಕು. ಗಲ್ಲಾಪೆಟ್ಟಿಗೆಯ ಮುಂದೆ ನಿಂತ ಗ್ರಾಹಕನನ್ನು ಇದನ್ನೆಲ್ಲ ವಿಚಾರಿಸಿ ಸರಕು ಕೊಡುವ ಅಂಗಡಿ ಎಲ್ಲಿದೆ?

ವರ್ತಕರ ಹೊಣೆಯ ಪ್ರಶ್ನೆ ಬರುವುದು ಇಲ್ಲಿಯೇ. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2002ರಲ್ಲಿಯೇ ಆಬ್‌ಟ್ರಾನಿಕ್, ಎಬಿ ಎನರ್ಜೈಸರ್, ಫಾಸ್ಟ್ ಆಬ್ಸ್ ಎಂಬ ಮೂರು ಪಟ್ಟಿಗಳ ಮಾರಾಟಗಾರರ ಮೇಲೆ ಸುಳ್ಳು ಜಾಹೀರಾತಿನ ಮೊಕದ್ದಮೆ ಹೂಡಿತ್ತು. ಭಾರತದಲ್ಲಿ 2020ರ ಜುಲೈನಲ್ಲಿ ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯು ದಾರಿ ತಪ್ಪಿಸುವ ಜಾಹೀರಾತಿಗಾಗಿ ತಯಾರಕನಿಗೂ, ಪ್ರಚಾರ ಮಾಡಿದವನಿಗೂ ಹತ್ತು ಲಕ್ಷ ರೂಪಾಯಿಗಳವರೆಗೆ ದಂಡ ವಿಧಿಸಲು ಅವಕಾಶ ನೀಡಿದೆ. ಪುನರಾವರ್ತನೆಯಾದರೆ ಐವತ್ತು ಲಕ್ಷ. ಚಿಲ್ಲರೆ ವ್ಯಾಪಾರಿಗೆ ಇದಕ್ಕಿಂತ ಮುಖ್ಯವಾದುದು ಅದೇ ಕಾಯ್ದೆಯ 86ನೇ ಕಲಮು. ತಯಾರಕ ಕೊಡದ ಭರವಸೆಯನ್ನು ಮಾರಾಟಗಾರ ತಾನಾಗಿ ಕೊಟ್ಟು, ಅದು ಹುಸಿಯಾಗಿ ಗ್ರಾಹಕನಿಗೆ ಹಾನಿಯಾದರೆ ಹೊಣೆ ಮಾರಾಟಗಾರನದು. ತಯಾರಕ ಯಾರೆಂದೇ ಗೊತ್ತಾಗದಿದ್ದರೂ ಹೊಣೆ ಅವನ ಮೇಲೆಯೇ ಬೀಳಬಲ್ಲದು. ವಿಳಾಸವಿಲ್ಲದ ಪೆಟ್ಟಿಗೆಗಳಲ್ಲಿ ಬರುವ ಅಗ್ಗದ ಪಟ್ಟಿಗಳನ್ನು ತರಿಸುವವರು ಈ ಕಲಮನ್ನು ಒಮ್ಮೆ ಓದಿಕೊಳ್ಳಬೇಕು. ಚಿಕಿತ್ಸೆಗೆಂದು ಮಾರುವ ಯಂತ್ರವಾದರೆ ಅದು 2017ರ ವೈದ್ಯಕೀಯ ಸಾಧನಗಳ ನಿಯಮಗಳ ವ್ಯಾಪ್ತಿಗೂ ಬರುತ್ತದೆ.

ಹಾಗಾದರೆ ಸ್ನಾಯು ಬೆಳೆಯುವುದು ಯಾವುದರಿಂದ? ದಾವಣಗೆರೆಗೆ ಈ ಉತ್ತರ ಹೊಸದಲ್ಲ. ದುರ್ಗಾಂಬಿಕಾ ಜಾತ್ರೆಯ ಕುಸ್ತಿ ಅಖಾಡಕ್ಕೆ ಜನ ಸೇರುವ ಊರಿದು. ಗರಡಿಯಲ್ಲಿ ಸಾಮು ಮಾಡಿದ ಪೈಲ್ವಾನರು ದಂಡ ಬಸ್ಕಿಗಳ ಲೆಕ್ಕವನ್ನು ದಿನದಿನಕ್ಕೆ ಏರಿಸುತ್ತ, ಗುಂಡುಕಲ್ಲಿನ ತೂಕವನ್ನು ಹೆಚ್ಚಿಸುತ್ತ ಬಂದವರು. ಎರಡನೇ ಮಹಾಯುದ್ಧದ ಕಾಲದಲ್ಲಿ ಗಾಯಾಳು ಸೈನಿಕರಿಗೆ ಚಿಕಿತ್ಸೆ ನೀಡುತ್ತಿದ್ದ ಅಮೆರಿಕದ ಸೇನಾ ವೈದ್ಯ ಥಾಮಸ್ ಡಿಲಾರ್ಮ್ 1945ರಲ್ಲಿ ಪ್ರಕಟಿಸಿದ ಕ್ರಮವೂ ಇದೇ ಬಗೆಯದು: ಎತ್ತಬಲ್ಲಷ್ಟು ಭಾರ ಎತ್ತುವುದು, ಬಲ ಬಂದಂತೆ ಭಾರ ಏರಿಸುವುದು. ಸ್ನಾಯುವಿನ ಮೇಲೆ ಬೀಳುವ ಎಳೆತವೇ ಅದರ ಬೆಳವಣಿಗೆಗೆ ಮುಖ್ಯ ಪ್ರಚೋದನೆ. ವಾರಕ್ಕೆ ಎರಡು ಮೂರು ದಿನದ ವ್ಯಾಯಾಮ, ಸಾಕಷ್ಟು ನಿದ್ರೆ, ಬೇಳೆ ಮೊಟ್ಟೆ ಹಾಲುಗಳ ಊಟ, ಎರಡು ಮೂರು ತಿಂಗಳ ತಾಳ್ಮೆ ಇದ್ದರೆ ಫಲ ಕಣ್ಣಿಗೆ ಕಾಣುತ್ತದೆ. ಪೆಟ್ಟಿಗೆಯಲ್ಲಿ ತುಂಬಿ ಮಾರಲಾಗದ ಸರಕೆಂದರೆ ಆ ತಾಳ್ಮೆ ಒಂದೇ.

ಭಾರವನ್ನು ಮಾತ್ರ ಮಾರಬಹುದು, ತಯಾರಿಸಲೂಬಹುದು. ದಾವಣಗೆರೆಯಿಂದ ಹದಿನಾಲ್ಕು ಕಿಲೋಮೀಟರು ದೂರದ ಹರಿಹರದಲ್ಲಿ 1941ರಲ್ಲಿ ಆರಂಭವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಲೇತ್ ಯಂತ್ರಗಳು ದೇಶದ ಮೂಲೆಮೂಲೆಗೆ ಹೋಗಿದ್ದವು. ಆ ಕಾರ್ಖಾನೆ ಮುಚ್ಚಿ ದಶಕಗಳೇ ಕಳೆದರೂ ಲೇತ್ ಕೆಲಸ ಬಲ್ಲ ಕೈಗಳು ಊರಿನಲ್ಲಿ ಇಲ್ಲವಾಗಿಲ್ಲ. ಸೂಕ್ಷ್ಮ ಯಂತ್ರ ಮಾಡಿದ ಊರಿಗೆ ಕಬ್ಬಿಣದ ಪ್ಲೇಟು ದೊಡ್ಡ ಸವಾಲೇನಲ್ಲ. ಎರಕ ಹೊಯ್ದು, ಮುಖ ಸಮಮಾಡಿ, ನಡುವೆ ರಂಧ್ರ ಕೊರೆಯುವುದಷ್ಟೇ. ಕಷ್ಟವಿರುವುದು ಪ್ಲೇಟಿನಲ್ಲಲ್ಲ, ಬಾರಿನಲ್ಲಿ: ಬಾಗಿ ಮತ್ತೆ ನೇರವಾಗುವ ಉಕ್ಕು, ಸರಾಗವಾಗಿ ತಿರುಗುವ ತುದಿ ಬೇಕು. ಅದನ್ನು ಹೊರಗಿನಿಂದಲೇ ತರಿಸಿ, ಪ್ಲೇಟು, ಬೆಂಚು, ಸ್ಟ್ಯಾಂಡುಗಳನ್ನು ಇಲ್ಲಿಯೇ ಮಾಡಬಹುದು.

ಇದಕ್ಕೆ ಅನುಕೂಲವಾದ ಸಂದರ್ಭವೂ ಒದಗಿದೆ. 2025ರ ಸೆಪ್ಟೆಂಬರ್ 22ರಿಂದ ವ್ಯಾಯಾಮ ಕೇಂದ್ರಗಳ ಸೇವೆಯ ಮೇಲಿನ ಜಿಎಸ್‌ಟಿ ಶೇಕಡ 18ರಿಂದ 5ಕ್ಕೆ ಇಳಿಯಿತಾದರೂ ಹೂಡುವಳಿ ತೆರಿಗೆ ಜಮೆಯ ಸೌಲಭ್ಯ ಹೋಯಿತು. ಸಲಕರಣೆ ಕೊಳ್ಳುವಾಗ ತೆತ್ತ ತೆರಿಗೆ ಜಿಮ್ ಮಾಲೀಕನಿಗೆ ಈಗ ನೇರ ಖರ್ಚು. ಮೂಲ ಬೆಲೆ, ಸಾಗಣೆ ಎರಡನ್ನೂ ಆತ ಮೊದಲಿಗಿಂತ ಬಿಗಿಯಾಗಿ ನೋಡುವನು. ಭಾರವಾದ ಸರಕಿಗೆ ಸಾಗಣೆ ವೆಚ್ಚವೇ ಹೊರೆ, ಹತ್ತಿರದ ತಯಾರಕನಿಗೆ ಅದೇ ಲಾಭ. ಆದರೆ ಇಪ್ಪತ್ತು ಕಿಲೋ ಎಂದು ಅಚ್ಚಾದ ಪ್ಲೇಟು ಇಪ್ಪತ್ತು ಕಿಲೋ ತೂಗಬೇಕು, ಐವತ್ತು ಮಿಲಿಮೀಟರಿನ ಬಾರಿಗೆ ಹದವಾಗಿ ಕೂರಬೇಕು. ಎರಡೂ ನಗರಗಳ ಜಿಮ್ ಮಾಲೀಕರನ್ನೂ ಹರಿಹರದ ಲೇತ್ ಘಟಕಗಳವರನ್ನೂ ವಾಣಿಜ್ಯೋದ್ಯಮ ಸಂಸ್ಥೆಯು ಒಮ್ಮೆ ಒಟ್ಟಿಗೆ ಕೂರಿಸಿ, ಈ ಅಳತೆಗಳನ್ನು ಮೊದಲು ಗೊತ್ತುಮಾಡಿಸಬೇಕು.