ಕೂಲಿಬಾಲಿ ದೊಡ್ಡ ಡಿಫೆಂಡರ್ ಅಲ್ವಂತೆ!

ನಾಪೋಲಿಯಲ್ಲಿ ಲೀಗ್ ಗೆಲ್ಲಲಿಲ್ಲ, ಚೆಲ್ಸಿಯಲ್ಲಿ ಒಂದೇ ಸೀಸನ್‌ಗೆ ಮುಗೀತು, ಹಾಗಾಗಿ ಕಾಲಿದು ಕೂಲಿಬಾಲಿ ವಿಶ್ವದರ್ಜೆಯ ಡಿಫೆಂಡರ್ ಅಲ್ಲ ಅನ್ನೋ ವಾದ ನೋಡ್ತಾ ಇದೀನಿ. ಚೆಲ್ಸಿಯ ಆಟ ಸಾಧಾರಣ, ಒಪ್ಪೋಣ. ಆದ್ರೆ 2018-19ರಲ್ಲಿ ಇಟಲಿ ಲೀಗಿನ ಅತ್ಯುತ್ತಮ ಡಿಫೆಂಡರ್ ಪ್ರಶಸ್ತಿ ಅವನದೇ. ಅದೇ ಸೀಸನ್, 2018ರ ಡಿಸೆಂಬರ್ 26ರಂದು, ಮಿಲಾನ್‌ನಲ್ಲಿ ಇಂಟರ್ ಅಭಿಮಾನಿಗಳು ಅವನನ್ನು ನೋಡಿ ಕೋತಿ ಹಾಗೆ ಕೂಗಿದ್ರು. ನಾಪೋಲಿ ಕೇಳಿಕೊಂಡರೂ ಪಂದ್ಯ ನಿಲ್ಲಿಸಲಿಲ್ಲ. ಕೊನೆಗೆ ರೆಡ್ ಕಾರ್ಡ್ ಸಿಕ್ಕಿದ್ದು ಅವನಿಗೇ!

2022ರಲ್ಲಿ ಸೆನೆಗಲ್ ಮೊದಲ ಸಲ ಆಫ್ರಿಕಾ ಕಪ್ ಗೆದ್ದಾಗ ಕ್ಯಾಪ್ಟನ್ ಅವನೇ. ನಾನು ಕೊಡ್ತಿರೋದು ಕನಿಕರದ ಮಾರ್ಕ್ಸ್ ಅಲ್ಲ. 'ಮೆರಿಟ್' ಅಳೆಯೋರು ಪದಕ ಎಣಿಸ್ತಾರೆ, ಆಟಗಾರ ತಿಂದ ಅವಮಾನ ಎಣಿಸಲ್ಲ. ಈ ತಕ್ಕಡಿ ನಮಗೇನು ಹೊಸದಾ ಬಂಧುಗಳೇ?

ಜೈ ಭೀಮ್.