ಐವತ್ತು ಡಾಲರಿನ ದಂಡ

ಎಂಟುನೂರಕ್ಕೆ ಮಿಕ್ಕ ದಿನಸಿ ಅಂಗಡಿಗಳನ್ನೂ ಮೂವತ್ತಾರು ಸಾವಿರದಷ್ಟು ನೌಕರರನ್ನೂ ಹೊಂದಿದ್ದ ಅಮೆರಿಕದ ಏಕ್ಮಿ ಮಾರ್ಕೆಟ್ಸ್ ಕಂಪನಿಯ ಅಧ್ಯಕ್ಷರಾದ ಜಾನ್ ಪಾರ್ಕ್ ಎಂಬವರಿಗೆ, ಬಾಲ್ಟಿಮೋರ್ ನಗರದ ಉಗ್ರಾಣದಲ್ಲಿ ಇಲಿಗಳು ಸೇರಿಕೊಂಡು ಆಹಾರಪದಾರ್ಥಗಳನ್ನು ಮಲಿನಗೊಳಿಸಿದುವೆಂಬ ಕಾರಣಕ್ಕೆ, ಐದು ಆರೋಪಗಳ ಮೇಲೆ ತಲಾ 50 ಡಾಲರಿನ ದಂಡ ಬಿದ್ದಿತು. ಉಗ್ರಾಣದ ಶುಚಿತ್ವವನ್ನು ನಂಬಿಕಸ್ಥ ಅಧಿಕಾರಿಗಳಿಗೆ ವಹಿಸಿಕೊಟ್ಟಿದ್ದೆನೆಂಬ ಅವರ ಸಮಾಧಾನವನ್ನು ಆ ದೇಶದ ಸುಪ್ರೀಂ ಕೋರ್ಟು 1975ರಲ್ಲಿ ತಳ್ಳಿಹಾಕಿ, ತಪ್ಪನ್ನು ತಡೆಯುವ ಅಧಿಕಾರವುಳ್ಳವನು ತಡೆಯದೆ ಹೋದರೆ ಅಪರಾಧಬುದ್ಧಿ ಇಲ್ಲದಿದ್ದರೂ ಹೊಣೆ ಅವನದೇ ಎಂದು ನಿರ್ಣಯಿಸಿತು. ಇಲಿಗಳಿಂದ ಹುಟ್ಟಿದ ಈ ತೀರ್ಪು ಇಂದಿಗೂ ಅಲ್ಲಿನ ಮೇಲಧಿಕಾರಿಗಳ ನಿದ್ದೆ ಕೆಡಿಸುತ್ತಿದೆ.

ಇಂಥ ತಪ್ಪುಗಳಿಗೆ ಅಲ್ಲಿ ಮಿಸ್‌ಡಿಮೀನರ್ ಎಂದು ಹೆಸರು, ನಾವು ಲಘ್ವಪರಾಧವೆನ್ನೋಣ. ಸಾಮಾನ್ಯವಾಗಿ ಒಂದು ವರ್ಷಕ್ಕೆ ಮೀರದ ಸೆರೆ, ಇಲ್ಲವೆ ದಂಡ, ಇದರ ಮಿತಿ. ಅಂಗಡಿಯಿಂದ ಅಂಗಿಯೊಂದನ್ನು ಅಪಹರಿಸಿದ ಹುಡುಗನೂ ಬೀದಿಯಲ್ಲಿ ಗದ್ದಲವೆಬ್ಬಿಸಿದ ಕುಡುಕನೂ ಕೋಟ್ಯಧೀಶ ಕಂಪನಿಯ ಅಧ್ಯಕ್ಷನೂ ಇಲ್ಲಿ ಒಂದೇ ಪಂಕ್ತಿಯಲ್ಲಿ ಕುಳಿತಿರುತ್ತಾರೆ. ದಂಡ ಕಟ್ಟಿದೊಡನೆ ಋಣ ಹರಿಯಿತೆಂದು ತಿಳಿದ ಹುಡುಗನಿಗೆ, ಅದು ಹರಿದಿಲ್ಲವೆಂಬುದು ಗೊತ್ತಾಗುವುದು ಉದ್ಯೋಗಕ್ಕೆ ಅರ್ಜಿ ಹಾಕಿದಾಗ: ಬರಿಯ ಬಂಧನದ ಸುದ್ದಿಯನ್ನು ಏಳು ವರ್ಷಗಳಾಚೆ ಹಿನ್ನೆಲೆಯ ವರದಿಯಲ್ಲಿ ಸಾಮಾನ್ಯವಾಗಿ ಸೇರಿಸಕೂಡದೆನ್ನುವ ಅಲ್ಲಿನ ಕೇಂದ್ರ ಕಾಯಿದೆಯು, ದೋಷ ಸಿದ್ಧವಾದ ಪ್ರಕರಣಕ್ಕೆ ಯಾವ ಕಾಲಮಿತಿಯನ್ನೂ ಹಾಕಿಲ್ಲ. ದಾದಿಯಾಗಲಿ ಕ್ಷೌರಿಕನಾಗಲಿ ಪರವಾನಗಿ ಬೇಕಾದ ವೃತ್ತಿಗಳಲ್ಲಂತೂ, ಅನೇಕ ರಾಜ್ಯಗಳ ಮಂಡಲಿಗಳು 'ಸಚ್ಚಾರಿತ್ರ್ಯ'ವೆಂಬ, ಹಿಡಿದವರ ಕೈಯಲ್ಲಿ ಹಿಗ್ಗುವ ಕುಗ್ಗುವ ಶಬ್ದವನ್ನು ಮುಂದಿಟ್ಟುಕೊಂಡು ಬಾಗಿಲು ಕಾಯುತ್ತ ಬಂದಿವೆ.

ತಪ್ಪಿನ ಗಾತ್ರವನ್ನು ಅಳೆಯುವುದಕ್ಕಿಂತ, ಆ ತಪ್ಪಿಗೂ ಮಾಡಬೇಕಾದ ಕೆಲಸಕ್ಕೂ ಇರುವ ಸಂಬಂಧವನ್ನು ಅಳೆಯುವುದು ನ್ಯಾಯಕ್ಕೆ ಹತ್ತಿರವೆಂದು ನನಗೆ ತೋರುತ್ತದೆ. ಹವಾಯಿ ರಾಜ್ಯ 1998ರಲ್ಲೇ ಈ ಜಾಡನ್ನು ಹಿಡಿದು, ಕೆಲಸ ಕೊಡುವುದಾಗಿ ಹೇಳಿದ ಮೇಲಲ್ಲದೆ ಹಳೆಯ ಶಿಕ್ಷೆಯ ವಿಚಾರವೆತ್ತಕೂಡದೆಂದೂ, ಎತ್ತಿದರೂ ಆ ಹುದ್ದೆಯ ಹೊಣೆಗಳೊಡನೆ ಯುಕ್ತವಾದ ಸಂಬಂಧವಿದ್ದರೆ ಮಾತ್ರ ಗಣಿಸಬೇಕೆಂದೂ ವಿಧಿಸಿತು.

ಇದೇ ಅಳತೆಗೋಲು ಕಂಪನಿಯ ದೊಡ್ಡವರಿಗೆ ಕರುಣೆ ತೋರದು. ಅವರ ಲಘ್ವಪರಾಧ ಹುಟ್ಟುವುದೇ ಅವರ ಪದವಿಯಿಂದ. ಆಕ್ಸಿಕಾಂಟಿನ್ ಎಂಬ ನೋವಿನ ಮಾತ್ರೆಯ ಚಟದ ಅಪಾಯವನ್ನು ಮರೆಮಾಚಿ ಮಾರಿದ ಪ್ರಕರಣದಲ್ಲಿ ಪರ್ಡ್ಯೂ ಸಂಸ್ಥೆಯ ಮೂವರು 2007ರಲ್ಲಿ ಒಪ್ಪಿಕೊಂಡದ್ದು ಲಘ್ವಪರಾಧವನ್ನೇ. ಸೆರೆಮನೆ ಅವರಿಗೆ ತಪ್ಪಿತು. ಆದರೆ ಸರ್ಕಾರದ ಆರೋಗ್ಯ ಯೋಜನೆಗಳಿಂದ ಅವರನ್ನು ಕಡೆಗೆ 12 ವರ್ಷಗಳ ಅವಧಿಗೆ ಹೊರಗಿಟ್ಟರು. ಔಷಧೋದ್ಯಮದವನಿಗೆ ಇದು ಗಡೀಪಾರಿಗೆ ಸಮಾನ, ಏಕೆಂದರೆ ಬಹಿಷ್ಕೃತನನ್ನು ಗದ್ದುಗೆಯ ಮೇಲೆ ಉಳಿಸಿಕೊಂಡ ಕಂಪನಿಯನ್ನೇ ಸರ್ಕಾರ ಹೊರಹಾಕಬಹುದು. 'ವೈಯಕ್ತಿಕ ಕಾರಣ'ಗಳಿಗಾಗಿ ರಾಜೀನಾಮೆಯೆಂಬ ಸೌಮ್ಯವಾದ ಪ್ರಕಟಣೆಗಳ ಹಿಂದೆ ಎಷ್ಟೋ ಸಲ ಈ ಲೆಕ್ಕಾಚಾರವೇ ಅಡಗಿರುತ್ತದೆ. 2012ರಲ್ಲಿ ಮೇಲ್ಮನವಿಯ ನ್ಯಾಯಾಲಯವು ಬಹಿಷ್ಕರಿಸುವ ಅಧಿಕಾರವನ್ನು ಎತ್ತಿಹಿಡಿದು, ಅಷ್ಟು ದೀರ್ಘವಾದ ಅವಧಿಗೆ ಕೊಟ್ಟ ಕಾರಣ ಸಾಲದೆಂದು ಹಿಂದಿರುಗಿಸಿತು. ಎರಡೂ ಸರಿಯೆಂದೇ ನನ್ನ ಎಣಿಕೆ.

ದೂರದ ಮಾತೆಂದು ನಾವು ಉದಾಸೀನರಾಗುವಂತಿಲ್ಲ. ಎಚ್-1ಬಿ ವೀಸಾದ ಮೇಲೆ ಅಲ್ಲಿ ನೆಲೆಸಿರುವ ನಮ್ಮ ಹುಡುಗರು ಕುಡಿದು ಕಾರು ನಡೆಸಿ ಸಿಕ್ಕಿಬಿದ್ದರೆ, ನ್ಯಾಯಾಲಯ ಬಾಯಿ ತೆರೆಯುವ ಮೊದಲೇ ಆ ವೀಸಾ ರದ್ದಾಗಬಹುದು.

ಸಂಬಂಧವನ್ನು ನೋಡುವ ವಿವೇಕವನ್ನು ನಮ್ಮ ಕಾನೂನೂ ಅರಿಯದುದಲ್ಲ. 2013ರ ಕಂಪನಿ ಕಾಯಿದೆಯ ಐದನೆಯ ಅನುಸೂಚಿಯು ಆದಾಯ ತೆರಿಗೆ, ಕಸ್ಟಮ್ಸ್, ಆಹಾರ ಕಲಬೆರಕೆ ಮೊದಲಾದ ಕಾಯಿದೆಗಳನ್ನು ಪಟ್ಟಿಮಾಡಿ, ಅವುಗಳ ಅಡಿಯಲ್ಲಿ 1,000 ರೂಪಾಯಿಗೆ ಮೀರಿ ದಂಡ ತೆತ್ತವನು ಕೇಂದ್ರ ಸರ್ಕಾರದ ಒಪ್ಪಿಗೆಯಿಲ್ಲದೆ ಸಾರ್ವಜನಿಕ ಕಂಪನಿಯ ವ್ಯವಸ್ಥಾಪಕ ನಿರ್ದೇಶಕನಾಗದಂತೆ ತಡೆದಿದೆ. ಅತ್ತ ಸುಪ್ರೀಂ ಕೋರ್ಟು 2016ರ ಅವತಾರ್ ಸಿಂಗ್ ಪ್ರಕರಣದಲ್ಲಿ, ಎಳೆಯ ವಯಸ್ಸಿನಲ್ಲಿ ಘೋಷಣೆ ಕೂಗಿದಂಥ ಕ್ಷುಲ್ಲಕ ತಪ್ಪನ್ನು ಅಭ್ಯರ್ಥಿ ಮುಚ್ಚಿಟ್ಟಿದ್ದರೂ ನೇಮಕ ಮಾಡುವವರು ಅದನ್ನು ಮನ್ನಿಸಬಹುದೆಂದು ಹೇಳಿದೆ. ಇಷ್ಟಾದರೂ ನಮ್ಮ ಅನೇಕ ಅರ್ಜಿಗಳಲ್ಲಿ, ನಿಮ್ಮ ಮೇಲೆ ಪ್ರಕರಣ ದಾಖಲಾಗಿದೆಯೆ ಎಂಬ ಪ್ರಶ್ನೆಯ ಮುಂದೆ ಹೌದು, ಇಲ್ಲ ಎಂಬ ಎರಡು ಪುಟ್ಟ ಚೌಕಗಳಷ್ಟೇ ಇರುತ್ತವೆ. 'ಹೌದು' ಎಂಬುದರ ಕೆಳಗೆ ನಡೆದದ್ದನ್ನು ಬರೆಯಲು ಅಭ್ಯರ್ಥಿಗೆ ನಾಲ್ಕು ಸಾಲನ್ನು ಬಿಟ್ಟು, ನಿರಾಕರಿಸುವ ಅಧಿಕಾರಿಯು ಆ ತಪ್ಪಿಗೂ ಈ ಕೆಲಸಕ್ಕೂ ತಾನು ಕಂಡ ಸಂಬಂಧವನ್ನು ಅದರ ಕೆಳಗೇ ಬರೆದು ಸಹಿ ಹಾಕುವಂತೆ ಸರ್ಕಾರ ವಿಧಿಸಬೇಕು.